ಗೇಟಿನಾಚೆಗಿನ ಕಸ

(ಇಂದಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)

ಇಂದಾಪುರ ತಾಲ್ಲೂಕಿನ ಉತ್ತರದ ಎಲ್ಲೆಯಲ್ಲಿ ಭೀಮಾ ಹರಿಯುತ್ತದೆ, ದಕ್ಷಿಣದ ಎಲ್ಲೆಯಲ್ಲಿ ನೀರಾ. ಎರಡೂ ಕೂಡುವಲ್ಲಿ ನೀರಾ ನರಸಿಂಗಪುರವಿದೆ. ಕನ್ನಡ ನಾಡಿನ ಎಷ್ಟೋ ಮನೆತನಗಳಿಗೆ ಅಲ್ಲಿಯ ನರಸಿಂಹನೇ ಕುಲದೈವ. ಅಲ್ಲಿಂದ ಮುಂದೆ ನದಿ ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿಕೊಂಡು, ಇಂಡಿ, ಅಫಜಲಪುರ ತಾಲ್ಲೂಕುಗಳನ್ನು ಮುಟ್ಟಿ, ಗಾಣಗಾಪುರವನ್ನು ಹಾದು, ಯಾದಗಿರಿಯನ್ನು ದಾಟಿ ರಾಯಚೂರಿನ ಸೀಮೆಯಲ್ಲಿ ಕೃಷ್ಣೆಗೆ ಸೇರುತ್ತದೆ. ಇಲ್ಲಿಯವರು ಹೊಳೆಗೆ ಬಿಟ್ಟದ್ದು ಅಲ್ಲಿಯವರ ಕೊಡಕ್ಕೆ ಬರುತ್ತದೆ.

ಇಂದಾಪುರದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರೂ ಕೆಳದಂಡೆಯವರೇ. 1980ರಲ್ಲಿ ಮುಗಿದ ಉಜನಿ ಅಣೆಕಟ್ಟಿನ ಹಿನ್ನೀರು ಈ ತಾಲ್ಲೂಕಿನ ಉದ್ದಕ್ಕೂ ಚಾಚಿದೆ. ಅದು ಸುಮಾರು 117 ಟಿಎಂಸಿ ನೀರು ನಿಲ್ಲುವ ಜಲಾಶಯ. ಪುಣೆ, ಪಿಂಪ್ರಿ-ಚಿಂಚವಡಗಳ ಚರಂಡಿ ನೀರನ್ನು ಹೊತ್ತ ಮುಳಾ-ಮುಠಾ ಭೀಮೆಗೆ ಸೇರಿ ಇಲ್ಲಿಗೇ ಬರುತ್ತದೆ. ಭಿಗವಣದ ಬಳಿ ಚಳಿಗಾಲದಲ್ಲಿ ರಾಜಹಂಸಗಳನ್ನು ನೋಡಲು ಪುಣೆಯಿಂದ ಬರುವವರು ದೋಣಿಯಲ್ಲಿ ತೇಲುವುದೂ ಅದೇ ಪುಣೆಯಿಂದ ಹರಿದು ಬಂದ ನೀರಿನ ಮೇಲೆ. ಮೇಲಿನ ನಗರದ ಕಸ ಏನೆಂದು ಬಲ್ಲ ಊರಿನಲ್ಲಿ ನಿಂತು, ಆ ನಗರದ ವಿಶ್ವವಿದ್ಯಾನಿಲಯಗಳ ಮತ್ತು ಅವುಗಳಿಗೆ ಸೇರಿದ ಕಾಲೇಜುಗಳ ಕಸದ ಬಗ್ಗೆ ಮಾತನಾಡುವುದಕ್ಕೆ ಒಂದು ನ್ಯಾಯವಿದೆ.

ಶಿಕ್ಷಣ ಸಂಸ್ಥೆಗಳು ಕಸದ ಲೆಕ್ಕವನ್ನು ಸಾಮಾನ್ಯವಾಗಿ ಗೇಟಿನವರೆಗೆ ಮಾತ್ರ ಬರೆಯುತ್ತವೆ. ಎಷ್ಟು ಡಬ್ಬಿ ಇಟ್ಟರು, ಯಾವ ಬಣ್ಣದ್ದು ಇಟ್ಟರು, ಎಷ್ಟು ಪೋಸ್ಟರ್ ಹಚ್ಚಿದರು, ಸ್ವಚ್ಛತಾ ದಿನಕ್ಕೆ ಎಷ್ಟು ವಿದ್ಯಾರ್ಥಿಗಳು ಬಂದರು. ಟ್ರಾಕ್ಟರು ಗೇಟು ದಾಟಿದ ಮೇಲೆ ಆ ಕಸ ಯಾರ ಕೈ ಸೇರಿತು, ಯಾವ ದರಕ್ಕೆ ಹೋಯಿತು, ಅದರಲ್ಲಿ ಎಷ್ಟು ಮತ್ತೆ ವಸ್ತುವಾಯಿತು, ಎಷ್ಟು ಗುಂಡಿಗೆ ಬಿತ್ತು ಎಂಬುದು ವಾರ್ಷಿಕ ವರದಿಯಲ್ಲಿ ಇರುವುದಿಲ್ಲ. ಈ ಉಪನ್ಯಾಸದ ವಾದ ಇಷ್ಟೇ: ಕ್ಯಾಂಪಸ್ಸಿನ ಕಸ ಕಡಿಮೆಯಾಗಬೇಕಾದರೆ, ಉಳಿದದ್ದು ಸರಿಯಾಗಿ ಮರುಬಳಕೆಯಾಗಬೇಕಾದರೆ, ಗೇಟಿನಾಚೆ ಅದನ್ನು ಆಯುವವರನ್ನು ವಿಶ್ವವಿದ್ಯಾನಿಲಯ ಮೊದಲು ಒಳಗೆ ಕರೆಯಬೇಕು. ಇದು ಕೇವಲ ಆಶಯವೂ ಅಲ್ಲ. ಪುಣೆಯಲ್ಲೇ ಒಂದು ವಿಶ್ವವಿದ್ಯಾನಿಲಯ ಅದನ್ನು ಮಾಡಿ ತೋರಿಸಿದೆ.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ 1916ರಲ್ಲೇ ಮಹರ್ಷಿ ಧೋಂಡೋ ಕೇಶವ ಕರ್ವೆಯವರು ಪುಣೆಯಲ್ಲಿ ಹೆಣ್ಣುಮಕ್ಕಳಿಗಾಗಿ ಒಂದು ವಿಶ್ವವಿದ್ಯಾನಿಲಯ ಆರಂಭಿಸಿದರು. ಅದೇ ಇಂದಿನ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾನಿಲಯ. ಅದರ ಮುಖ್ಯ ಕಚೇರಿ ಮುಂಬಯಿಗೆ ಹೋದರೂ ಪುಣೆಯ ಕರ್ವೆ ರಸ್ತೆಯಲ್ಲಿ ಕ್ಯಾಂಪಸ್ ಉಳಿಯಿತು. 1990ರ ಸುಮಾರಿಗೆ ಅಲ್ಲಿಯ ವಯಸ್ಕರ ಶಿಕ್ಷಣ ವಿಭಾಗದವರು ಅಕ್ಷರ ಕಲಿಸಲೆಂದು ಕಸ ಆಯುವ ಹೆಂಗಸರ ವಸತಿಗೆ ಹೋದರು. ಬೆಳಕು ಹರಿಯುವ ಮುಂಚೆ ಚೀಲ ಹಿಡಿದು ಹೊರಡುವ ಹೆಂಗಸರಿಗೆ, ಅವರ ಬೆನ್ನಿಗೆ ಬರುವ ಮಕ್ಕಳಿಗೆ ಪಾಟಿ-ಬಳಪದ ಪುರುಸೊತ್ತು ಎಲ್ಲಿಯದು? ತಿಪ್ಪೆ ಕೆದಕಿ ಬೆರೆತ ಕಸದಿಂದ ಕಾಗದ, ಗಾಜು, ತಗಡು ಹೆಕ್ಕುವುದಕ್ಕೆ ದಿನವೆಲ್ಲ ಬೇಕು. ಸಿಕ್ಕಿದ್ದು ಒದ್ದೆ, ಹೊಲಸು. ಗುಜರಿ ಅಂಗಡಿಯವನು ಕೊಡುವ ದರವೂ ಅಷ್ಟಕ್ಕಷ್ಟೆ. ಪಾಠಕ್ಕಿಂತ ಮೊದಲು ಈ ಕೆಲಸದ ರೀತಿಯೇ ಬದಲಾಗಬೇಕೆಂದು ಪೂರ್ಣಿಮಾ ಚಿಕರ್ಮಾನೆ, ಲಕ್ಷ್ಮೀ ನಾರಾಯಣ ಮೊದಲಾದವರು ಕಂಡುಕೊಂಡರು.

ಅವರು ಮಾಡಿದ ಕೆಲಸ ಸರಳವಾದದ್ದು. ಒಂದು ಬಡಾವಣೆಯ ಮನೆಗಳಿಗೆ ಹೋಗಿ, ಒಣ ಕಸವನ್ನು ಬೇರೆಯಾಗಿ ಇಟ್ಟು ಈ ಹೆಂಗಸರ ಕೈಗೇ ಕೊಡಿ ಎಂದು ಕೇಳಿಕೊಂಡರು. ಹೆಂಗಸರನ್ನು ಕಳ್ಳಿಯರೆಂದು ಕಾವಲುಗಾರರು ಅಟ್ಟದಿರಲಿ ಎಂದು ವಿಶ್ವವಿದ್ಯಾನಿಲಯ ಗುರುತಿನ ಚೀಟಿ ಕೊಟ್ಟಿತು. ಶುದ್ಧವಾದ ಒಣ ಕಸ ಕೈಗೆ ಬರುತ್ತಲೇ ದುಡಿಮೆಯ ಹೊತ್ತು ಇಳಿಯಿತು, ಆದಾಯ ಏರಿತು. ಅಷ್ಟರಲ್ಲಿ ಒಬ್ಬ ಉದ್ಯಮಿ ಅದೇ ಕಸಕ್ಕೆ ಗಾಡಿ ತಂದ. ಹೆಂಗಸರು ಎದುರು ನಿಂತರು. ಆ ಜಗಳದಲ್ಲಿ ಗೊತ್ತಾದದ್ದು ಒಂದು ಬಡಾವಣೆಯ ಬಿಕ್ಕಟ್ಟಿಗಿಂತ ದೊಡ್ಡದು: ಕಸದಲ್ಲಿ ಬೆಲೆ ಇದೆಯೆಂದು ಲೋಕಕ್ಕೆ ತಿಳಿದ ದಿನ ಅದನ್ನು ಇಷ್ಟು ಕಾಲ ಆಯ್ದವರ ಹಕ್ಕು ಯಾರಿಗೂ ನೆನಪಿರುವುದಿಲ್ಲ. 1993ರ ಮೇ ತಿಂಗಳಲ್ಲಿ ಹಮಾಲರ ನಾಯಕ ಡಾ. ಬಾಬಾ ಆಢಾವ ಅವರ ಮಾರ್ಗದರ್ಶನದಲ್ಲಿ ಎಂಟು ನೂರಕ್ಕೂ ಹೆಚ್ಚು ಕಸ ಆಯುವವರು ಸಮಾವೇಶ ಸೇರಿದರು. ಕಾಗದ ಕಾಚ ಪತ್ರಾ ಕಷ್ಟಕರೀ ಪಂಚಾಯತ್ ಎಂಬ ಸಂಘಟನೆ ಹುಟ್ಟಿತು. ಅದರ ಸದಸ್ಯರಲ್ಲಿ ಬಹುಪಾಲು ದಲಿತ ಹೆಂಗಸರು.

ಮುಂದೆ ನಡೆದದ್ದರಲ್ಲಿ ವಿಶ್ವವಿದ್ಯಾನಿಲಯದ ಕೈ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಯಾಕೆಂದರೆ ಅದು ಸಂಶೋಧನೆಯ ಕೈ. ಪುಣೆಯ ಕಸ ಆಯುವವರು, ಗುಜರಿ ವ್ಯಾಪಾರಿಗಳು, ಮರುಬಳಕೆಯ ಕಾರ್ಖಾನೆಗಳನ್ನು ಕುರಿತ ಅಧ್ಯಯನವೊಂದು 2001ರಲ್ಲಿ ಹೊರಬಂತು. ಒಬ್ಬೊಬ್ಬ ಕಸ ಆಯುವವಳೂ ತಿಂಗಳಿಗೆ 246 ರೂಪಾಯಿಯಷ್ಟು ದುಡಿಮೆಯನ್ನು ಕೂಲಿಯಿಲ್ಲದೆ ನಗರಾಡಳಿತಕ್ಕೆ ಕೊಡುತ್ತಿದ್ದಾಳೆ ಎಂದು ಅದು ಲೆಕ್ಕ ಹಾಕಿತು. ಆಕೆ ಆಯ್ದದ್ದನ್ನು ಪಾಲಿಕೆ ಸಾಗಿಸಬೇಕಿಲ್ಲ, ಹೂಳಬೇಕಿಲ್ಲ. ಆ ಉಳಿತಾಯದ ಬೆಲೆ ಅದು. ಕನಿಕರದ ಮಾತಿಗೆ ಮಿಸುಕದ ಕಚೇರಿಗಳು ಅಂಕಿಗೆ ಮಣಿದವು. ನೋಂದಾಯಿತ ಕಸ ಆಯುವವರಿಗೆ ಪುಣೆ ಮಹಾನಗರಪಾಲಿಕೆ ಆರೋಗ್ಯ ವಿಮೆ ಮಾಡಿಸಿತು. 2008ರಲ್ಲಿ ಇದೇ ಹೆಂಗಸರ ಸಹಕಾರ ಸಂಘ ‘ಸ್ವಚ್ಛ್’ ಮನೆಮನೆಯಿಂದ ಕಸ ಸಂಗ್ರಹಿಸುವ ಒಪ್ಪಂದವನ್ನು ಪಾಲಿಕೆಯೊಂದಿಗೆ ಮಾಡಿಕೊಂಡಿತು. ಇಂದು ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಾರೆ. ಪ್ರತಿ ಮನೆ ತಿಂಗಳಿಗಿಷ್ಟು ಎಂದು ಅವರಿಗೆ ನೇರವಾಗಿ ಶುಲ್ಕ ಕೊಡುತ್ತದೆ, ಒಣ ಕಸ ಮಾರಿದ ಹಣವೂ ಅವರದೇ.

ಈ ಕತೆಯ ಒಂದು ಎಳೆ ಕನ್ನಡ ನಾಡಿಗೂ ಬಂತು. ಪುಣೆಯ ಈ ಸಂಘಟನೆಯನ್ನು ಕಟ್ಟಿದವರಲ್ಲಿ ಒಬ್ಬರಾದ ನಳಿನಿ ಶೇಖರ್ ಮುಂದೆ ಬೆಂಗಳೂರಿನಲ್ಲಿ ಕಸ ಆಯುವವರಿಗಾಗಿ ‘ಹಸಿರು ದಳ’ವನ್ನು ಕಟ್ಟಿದರು. 2011ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಕಸ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು. ಮರುವರ್ಷವೇ ನಗರಕ್ಕೆ ಪೆಟ್ಟು ಬಿತ್ತು. ಮಾವಳ್ಳಿಪುರದ ಜನ ತಮ್ಮೂರಿಗೆ ಕಸದ ಲಾರಿ ಬರಕೂಡದೆಂದು ತಡೆದಾಗ ಬೀದಿಗಳಲ್ಲಿ ರಾಶಿ ಬಿತ್ತು. 2014ರ ಕೊನೆಗೆ ಮಂಡೂರಿನ ಗುಂಡಿಯೂ ಮುಚ್ಚಿತು. ವಾರ್ಡುಗಳಲ್ಲಿ ತೆರೆದ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ನಡೆಸುವವರು ಹಿಂದೆ ಬೀದಿಯಲ್ಲಿ ಕಸ ಆಯುತ್ತಿದ್ದವರೇ. ಹಾಲಿನ ಕವರು ಯಾವುದು, ಬಿಸ್ಕತ್ತಿನ ಪೊಟ್ಟಣ ಯಾವುದು, ಯಾವುದಕ್ಕೆ ಗಿರಾಕಿ ಇದೆ, ಯಾವುದಕ್ಕಿಲ್ಲ ಎಂಬುದನ್ನು ಅವರು ಬೆರಳ ತುದಿಯಿಂದ ಮುಟ್ಟಿ ಹೇಳುತ್ತಾರೆ. ಪರಿಸರ ವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಆ ಬೆರಳುಗಳಿಗಿಂತ ಒಳ್ಳೆಯ ಗುರು ಸಿಗುವುದು ಕಷ್ಟ.

ಈ ಜ್ಞಾನವನ್ನು ಬದಿಗಿಟ್ಟು ಕೇವಲ ಯಂತ್ರ ಮತ್ತು ಡಬ್ಬಿಗಳನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವವಿದೆ. ಅಲ್ಲಿಯ ವಿಶ್ವವಿದ್ಯಾನಿಲಯಗಳು ಮರುಬಳಕೆಯನ್ನು ಆಟದ ಪಂದ್ಯದಂತೆ ಉತ್ಸಾಹದಿಂದ ಕೈಗೆತ್ತಿಕೊಂಡವು. 2001ರಲ್ಲಿ ಓಹಾಯೋ ರಾಜ್ಯದ ಎರಡು ವಿಶ್ವವಿದ್ಯಾನಿಲಯಗಳ ನಡುವೆ ಆರಂಭವಾದ ‘ರಿಸೈಕಲ್‌ಮೇನಿಯಾ’ ಸ್ಪರ್ಧೆ ನೂರಾರು ಕ್ಯಾಂಪಸ್ಸುಗಳಿಗೆ ಹಬ್ಬಿತು. ಹಲವು ಕಡೆ ಕಾಗದ, ಬಾಟಲಿ, ಡಬ್ಬ ಎಲ್ಲವನ್ನೂ ಒಂದೇ ತೊಟ್ಟಿಗೆ ಹಾಕುವ ಪದ್ಧತಿ ಇತ್ತು. ಅಮೆರಿಕದ ಅಂಥ ಕಸದ ದೊಡ್ಡ ಪಾಲು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು, ಅಲ್ಲಿ ಯಾರೋ ಬಿಡಿಸುತ್ತಿದ್ದರು. 2018ರಲ್ಲಿ ಚೀನಾ 24 ಬಗೆಯ ಕಸದ ಆಮದು ನಿಲ್ಲಿಸಿತು, ಉಳಿದವುಗಳಲ್ಲಿ ಶೇ 0.5ಕ್ಕಿಂತ ಹೆಚ್ಚು ಬೆರಕೆ ಇರಕೂಡದೆಂದಿತು. ಮರುಬಳಕೆಯಾಗುತ್ತಿದೆ ಎಂದು ನಂಬಿದ್ದ ಎಷ್ಟೋ ಊರುಗಳ ಕಸ ಸುಡುಗೂಡಿಗೂ ಗುಂಡಿಗೂ ಹೋಯಿತು. ಪಂದ್ಯದ ಅಂಕಪಟ್ಟಿಯಲ್ಲೂ ಒಂದು ದೋಷವಿತ್ತು. ಮರುಬಳಕೆಗೆ ಕಳಿಸಿದ ತೂಕವೇ ಅಳತೆಗೋಲಾದರೆ, ನೀರಿನ ಬಾಟಲಿ ಹೆಚ್ಚು ಕೊಂಡು ಹೆಚ್ಚು ಎಸೆದ ಕ್ಯಾಂಪಸ್ಸು ಮುಂದೆ ಬರುತ್ತದೆ. ಕುಡಿಯುವ ನೀರಿನ ನಲ್ಲಿ ಹಾಕಿಸಿ ಬಾಟಲಿಯನ್ನೇ ಇಲ್ಲವಾಗಿಸಿದ ಕ್ಯಾಂಪಸ್ಸು ಹಿಂದೆ ಬೀಳುತ್ತದೆ.

ಅದೇ ದೇಶದ ಇನ್ನೊಂದು ಪ್ರಯೋಗ ಮಾತ್ರ ಎಲ್ಲ ಹಾಸ್ಟೆಲ್ ಮೆಸ್ಸುಗಳವರೂ ತಿಳಿಯತಕ್ಕದ್ದು. ಊಟದ ಸಭಾಂಗಣದಲ್ಲಿ ತಟ್ಟೆಗಳನ್ನಿಡುವ ದೊಡ್ಡ ಟ್ರೇಗಳನ್ನು ತೆಗೆದುಬಿಟ್ಟರು. 2008ರಲ್ಲಿ 25 ಸಂಸ್ಥೆಗಳಲ್ಲಿ 1,86,000 ಊಟಗಳನ್ನು ಅಳೆದು ನೋಡಿದಾಗ ತಲಾ ಎಂಜಲು ಶೇ 25ರಿಂದ 30ರಷ್ಟು ಇಳಿದಿತ್ತು. ಉಪದೇಶವಿಲ್ಲ, ದಂಡವಿಲ್ಲ; ಕೈಯಲ್ಲಿ ಹಿಡಿಸುವಷ್ಟೇ ಬಡಿಸಿಕೊಂಡರು, ಬೇಕಾದವರು ಮತ್ತೆ ಎದ್ದು ಹೋದರು. ನಮ್ಮ ಮೆಸ್ಸುಗಳಲ್ಲಿ ಇದಕ್ಕೆ ಹತ್ತಿರದ ಉಪಾಯಗಳಿವೆ. ಅನ್ನದ ದೊಡ್ಡ ಸೌಟು ತೆಗೆದು ಚಿಕ್ಕದನ್ನಿಡುವುದು, ರಾತ್ರಿ ಊಟಕ್ಕೆ ಇರುವವರ ಹೆಸರನ್ನು ಮಧ್ಯಾಹ್ನವೇ ಬರೆಸಿಕೊಳ್ಳುವುದು, ಎಸೆದ ಅನ್ನ, ಭಾಕರಿಯ ತೂಕವನ್ನು ದಿನವೂ ಬಾಗಿಲ ಹಲಗೆಯ ಮೇಲೆ ಬರೆಯುವುದು. ಎಂಜಲು ತುಂಬಿದ ಬಾನಿಯನ್ನು ಹೊತ್ತೊಯ್ಯುವ ಕೆಲಸದವಳಿಗೆ ಆ ತೂಕ ಮೊದಲಿನಿಂದಲೂ ಗೊತ್ತು. ಹಲಗೆಯ ಮೇಲೆ ಬರೆದಾಗ ಉಣ್ಣುವವರಿಗೂ ಗೊತ್ತಾಗುತ್ತದೆ.

ಕಡಿಮೆ ಮಾಡಿದ ಮೇಲೂ ಹಸಿ ಕಸ ಉಳಿಯುತ್ತದೆ. ಅದಕ್ಕೆ ಬೇಕಾದ ವಿದ್ಯೆ ಈ ಸೀಮೆಯಲ್ಲೇ ಇದೆ. ಮಹರ್ಷಿ ಕರ್ವೆಯವರ ಮೊಮ್ಮಗ, ಸಸ್ಯವಿಜ್ಞಾನಿ ಆನಂದ ಕರ್ವೆ ಕಟ್ಟಿದ ಪುಣೆಯ ‘ಆರ್ತಿ’ ಸಂಸ್ಥೆ ಅಡುಗೆಮನೆಯ ಕಸದಿಂದ ನಡೆಯುವ ಚಿಕ್ಕ ಬಯೋಗ್ಯಾಸ್ ಘಟಕವನ್ನು ರೂಪಿಸಿತು. ಅದಕ್ಕೆ 2006ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂತು. ಸಗಣಿಯ ಘಟಕಕ್ಕೆ ಸುಮಾರು 40 ಕಿಲೋ ಸಗಣಿ ಮತ್ತು 40 ದಿನ ಬೇಕಾದ ಅನಿಲಕ್ಕೆ, ಪಿಷ್ಟವಿರುವ ಎರಡು ಕಿಲೋ ಪದಾರ್ಥ ಮತ್ತು ಒಂದು ದಿನ ಸಾಕೆಂಬುದು ಆ ಸಂಸ್ಥೆಯ ಪ್ರತಿಪಾದನೆ. ಕಾರಣ ಸುಲಭವಾಗಿದೆ. ಸಗಣಿ ಎಂದರೆ ಎಮ್ಮೆ ಆಗಲೇ ಸಾರ ಹೀರಿಕೊಂಡು ಬಿಟ್ಟದ್ದು. ಹಳಸಿದ ಅನ್ನದಲ್ಲಿ ಸಾರವೆಲ್ಲ ಹಾಗೇ ಇದೆ. ಇದೇ ಸಂಸ್ಥೆಗೆ ಅದಕ್ಕೂ ಮೊದಲು, 2002ರಲ್ಲಿ, ಕಬ್ಬಿನ ರವದಿಯಿಂದ ಇದ್ದಿಲು ಮಾಡುವ ವಿಧಾನಕ್ಕೆ ಆಶ್ಡೆನ್ ಪ್ರಶಸ್ತಿ ದೊರೆತಿತ್ತು. ಬಿಜವಡಿ, ಶಹಾಜಿನಗರ, ಭವಾನಿನಗರಗಳ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಳಿಸುವ, ಕಟಾವಿನ ನಂತರ ರವದಿಗೆ ಬೆಂಕಿ ಹಚ್ಚುವ ಸೀಮೆಗೆ ಇದಕ್ಕಿಂತ ಹತ್ತಿರದ ಸಂಶೋಧನೆ ಯಾವುದಿದೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಆರಂಭಿಸಿದ ‘ಅಸ್ತ್ರ’ ಕೇಂದ್ರ ಹಳ್ಳಿಗಾಗಿ ವಿಜ್ಞಾನ ಎಂಬ ಹಂಬಲದಿಂದ ಹುಟ್ಟಿದ್ದು. ಅಲ್ಲಿಯ ಸಂಶೋಧಕರು ಉದುರೆಲೆ, ಕಳೆಗಳನ್ನೇ ಬಯೋಗ್ಯಾಸ್ ಘಟಕಕ್ಕೆ ಉಣಿಸುವ ದಾರಿ ಹುಡುಕಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ರಾಧಾ ಕಾಳೆಯವರು ಎರೆಹುಳುಗಳನ್ನು ಕುರಿತು ನಡೆಸಿದ ದೀರ್ಘ ಅಧ್ಯಯನದಿಂದ ಎರೆಗೊಬ್ಬರ ಕರ್ನಾಟಕದ ತೋಟಗಳಿಗೆ ಬಂತು. ಕ್ಯಾಂಪಸ್ಸುಗಳು ಈ ವಿದ್ಯೆಯನ್ನು ಹೊರಗೆ ಹಂಚಿವೆ. ತಮ್ಮ ಅಂಗಳದಲ್ಲೇ ಅದನ್ನು ಬಳಸುವಲ್ಲಿ ಹಿಂದುಳಿದಿವೆ.

ಒಣಗಿದ ಎಲೆಯ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಪುಣೆಯ ಗಣೇಶಖಿಂಡದ ವಿಶ್ವವಿದ್ಯಾನಿಲಯ 411 ಎಕರೆಯ ಹಸಿರು. ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡ, ಎಲ್ಲವೂ ಮರಗಳ ಕ್ಯಾಂಪಸ್ಸುಗಳೇ. ಫಾಲ್ಗುಣ-ಚೈತ್ರದಲ್ಲಿ ಇಂಥ ಕಡೆ ಎಲೆಯ ಗಾತ್ರದ ಮುಂದೆ ಉಳಿದ ಕಸ ಕಾಣುವುದೇ ಇಲ್ಲ. ಗುಡಿಸುವವರಿಗೆ ದಿನಕ್ಕಿಷ್ಟು ರಸ್ತೆ ಎಂದು ಗೊತ್ತುಮಾಡಿ, ಎಲೆ ಒಯ್ಯಲು ಗಾಡಿ ಕೊಡದಿದ್ದರೆ ಅವರು ಮೂಲೆಯಲ್ಲಿ ಕಡ್ಡಿ ಗೀರುತ್ತಾರೆ. ತಪ್ಪು ಅವರದಲ್ಲ. ತೆರೆದ ಜಾಗದಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಹೇಳಿತು. ದಂಡಕ್ಕಿಂತ ಒಳ್ಳೆಯ ಉತ್ತರ ಅದೇ ವರ್ಷ ಪುಣೆಯಲ್ಲಿ ಅದಿತಿ ದೇವಧರ್ ಆರಂಭಿಸಿದ ‘ಬ್ರೌನ್ ಲೀಫ್’ ಬಳಗದಿಂದ ಬಂತು. ಎಲೆ ಹೆಚ್ಚಾದವರನ್ನು, ತಾರಸಿ ತೋಟಕ್ಕೆ ಎಲೆ ಬೇಕಾದವರನ್ನು ಆ ಬಳಗ ಜೋಡಿಸಿತು. ಚೀಲಗಟ್ಟಲೆ ಎಲೆ ಮನೆಯಿಂದ ಮನೆಗೆ ನಡೆಯಿತು. ಮೆಸ್ಸಿನ ಹಸಿ ಕಸ ಒಂದೇ ಇದ್ದರೆ ಕೊಳೆತು ನಾರುತ್ತದೆ, ಎಲೆ ಒಂದೇ ಇದ್ದರೆ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ಎಲೆಯಲ್ಲಿ ಇಂಗಾಲ ಹೆಚ್ಚು, ಅನ್ನ-ಪಲ್ಯದಲ್ಲಿ ಸಾರಜನಕ ಹೆಚ್ಚು. ಇಂಗಾಲವೂ ಸಾರಜನಕವೂ ಮೂವತ್ತಕ್ಕೆ ಒಂದರ ಸುಮಾರಿಗೆ ಕೂಡಿದಾಗ ರಾಶಿ ಬಿಸಿಯೇರಿ ಗೊಬ್ಬರವಾಗುತ್ತದೆ. ಎರಡೂ ಒಂದೇ ಕಾಂಪೌಂಡಿನೊಳಗೆ ಸಿಗುವ ಜಾಗ ಕ್ಯಾಂಪಸ್ಸಿಗಿಂತ ಬೇರೆ ಇಲ್ಲ.

ಇನ್ನು ಕಾಗದ. ವಿಶ್ವವಿದ್ಯಾನಿಲಯದ ಮುಖ್ಯ ಕಸುಬೇ ಕಾಗದದ್ದು: ಉತ್ತರ ಪತ್ರಿಕೆ, ಅರ್ಜಿ, ಅಂಕಪಟ್ಟಿ, ಸುತ್ತೋಲೆ, ಸೆಮಿನಾರಿನ ಫೈಲು. ಕಾಲಾವಧಿ ಮುಗಿದ ಉತ್ತರ ಪತ್ರಿಕೆಗಳು ರದ್ದಿಗೆ ಹೋಗುತ್ತವೆ. ಬಿಳಿ ಕಾಗದ ಬಿಳಿಯಾಗಿ, ಒಣಗಿಯೇ ಹೋದರೆ ಒಳ್ಳೆಯ ದರ. ಚಹಾದ ಕಪ್ಪು, ಊಟದ ಪೊಟ್ಟಣಗಳೊಂದಿಗೆ ಒದ್ದೆಯಾಗಿ ಹೋದರೆ ಕಂದು ರಟ್ಟಿಗಷ್ಟೇ ಯೋಗ್ಯ. ಇಂದಾಪುರ ತಾಲ್ಲೂಕಿನಲ್ಲೇ, ಭಿಗವಣದ ಬಳಿ, ಬಲ್ಲಾರ್‌ಪುರ ಸಮೂಹ ನಡೆಸಿದ ಕಾಗದದ ಗಿರಣಿ ಇದೆ. ನುಣುಪಾದ ಲೇಪಿತ ಕಾಗದಕ್ಕೆ ಹೆಸರಾದದ್ದು. ಆ ಹೊಳಪು ಬರುವುದು ಸುಣ್ಣದಕಲ್ಲು ಮತ್ತು ಜೇಡಿಯಂಥ ಖನಿಜಗಳ ಲೇಪದಿಂದ. ಮರುಬಳಕೆಯಲ್ಲಿ ಈ ಖನಿಜ ತೊಳೆದುಹೋಗುತ್ತದೆ, ಕೈಗೆ ಬರುವ ನಾರು ಕಡಿಮೆ. ಪ್ರವೇಶ ಪುಸ್ತಿಕೆ, ಸ್ಮರಣ ಸಂಚಿಕೆ, ಆಹ್ವಾನ ಪತ್ರಿಕೆಗಳೆಲ್ಲ ಆರ್ಟ್ ಪೇಪರಿನಲ್ಲೇ ಬರಬೇಕೆಂಬ ಹಟವನ್ನು ಕಾಲೇಜುಗಳು ಬಿಟ್ಟರೆ ಆರಂಭದಲ್ಲೇ ಅಷ್ಟು ಉಳಿಯಿತು. ಪಿಎಚ್.ಡಿ. ಪ್ರಬಂಧದ ರೆಕ್ಸಿನ್ ಹೊದಿಕೆಯೂ ಹಾಗೆಯೇ; ಅದನ್ನು ಹರಿದು ತೆಗೆಯದೆ ಒಳಗಿನ ಕಾಗದ ಗಿರಣಿಗೆ ಹೋಗುವಂತಿಲ್ಲ. ‘ಶೋಧಗಂಗಾ’ ಜಾಲತಾಣದಲ್ಲಿ ಪ್ರಬಂಧದ ವಿದ್ಯುನ್ಮಾನ ಪ್ರತಿ ಇರುವಾಗ ದಪ್ಪ ರಟ್ಟಿನ ಇಷ್ಟೊಂದು ಪ್ರತಿಗಳನ್ನು ಕೇಳುವ ನಿಯಮವನ್ನು ವಿಶ್ವವಿದ್ಯಾನಿಲಯಗಳ ವಿದ್ಯಾವಿಷಯಕ ಪರಿಷತ್ತುಗಳು ಮತ್ತೆ ನೋಡಬೇಕು. ಹೊಸ ಕಾಗದವೂ ಮರದಿಂದಲೇ ಬರಬೇಕೆಂದೇನಿಲ್ಲ. ಕರೂರಿನ ಬಳಿ ತಮಿಳುನಾಡು ಸರ್ಕಾರ 1979ರಲ್ಲಿ ಸ್ಥಾಪಿಸಿದ ಕಾರ್ಖಾನೆ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡುತ್ತದೆ, ಮತ್ತು ಅರೆದ ಕಬ್ಬಿನ ತೂಕದಲ್ಲಿ ಹೆಚ್ಚುಕಡಿಮೆ ಶೇ 30ರಷ್ಟು ಸಿಪ್ಪೆಯೇ.

ವಿದ್ಯಾರ್ಥಿಗಳು ಕಸದ ಪಾಠ ಕಲಿಯುವ ಇನ್ನೊಂದು ಜಾಗ ವಾರಿ, ಅಂದರೆ ಪಂಢರಪುರದ ಕಾಲ್ನಡಿಗೆಯ ಯಾತ್ರೆ. ಆಷಾಢದಲ್ಲಿ ಸಂತ ತುಕಾರಾಮರ ಪಾಲಕಿ ದೇಹುವಿನಿಂದ ಹೊರಟು ಬಾರಾಮತಿ, ಸಣಸರ, ನಿಮಗಾಂವ ಕೇತಕಿಯ ದಾರಿಯಿಂದ ಇಂದಾಪುರಕ್ಕೆ ಬರುತ್ತದೆ. ಇಲ್ಲಿ ರಿಂಗಣವೆಂಬ ಕುದುರೆಯೋಟ, ಇಲ್ಲಿ ಬಿಡಾರ, ಮುಂದೆ ಸರಾಟಿಯಲ್ಲಿ ನೀರೆಯ ಸ್ನಾನ. ವಿಜಯಪುರ, ಬೆಳಗಾವಿಯ ಕಡೆಯ ವಾರಕರಿಗಳು ತಮ್ಮ ತಮ್ಮ ದಾರಿ ಹಿಡಿದು ಅದೇ ಪಂಢರಪುರಕ್ಕೆ ನಡೆಯುತ್ತಾರೆ. ಒಂದು ಊರಿಗೆ ಒಂದು ರಾತ್ರಿಯಲ್ಲಿ ಅಷ್ಟು ಸಾವಿರ ಜನ ಬಂದು ಉಂಡು ಹೋದಾಗ ಬೀಳುವ ಪತ್ರಾವಳಿ, ಲೋಟಗಳ ರಾಶಿ ಇಂದಾಪುರದವರ ಕಣ್ಣಿಗೆ ಕಟ್ಟಿದಂತಿದೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾನಿಲಯದ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ‘ಸ್ವಚ್ಛ ವಾರಿ, ಸ್ವಸ್ಥ ವಾರಿ, ನಿರ್ಮಲ ವಾರಿ, ಹರಿತ ವಾರಿ’ ಎಂಬ ಹೆಸರಿನಲ್ಲಿ ಈ ದಾರಿಗಿಳಿದಿದ್ದಾರೆ. ಥರ್ಮೊಕೋಲಿನ ಬದಲು ಎಲೆಯ ಪತ್ರಾವಳಿ ಹಂಚುವುದು, ಉಂಡ ಎಲೆಗಳನ್ನು ಒಟ್ಟುಮಾಡಿ ಗೊಬ್ಬರಕ್ಕೆ ಕಳಿಸುವುದು ಅವರ ಕೆಲಸ. ಥರ್ಮೊಕೋಲ್ ತಟ್ಟೆ ತೊಳೆದು ಮಾರಲೂ ಬಾರದು, ಕೊಳೆಯಲೂ ಒಲ್ಲದು. ಎಲೆಗೆ ಆ ತೊಡಕಿಲ್ಲ. ಎಸೆದ ಮೇಲೆ ಏನು ಮಾಡುವುದೆಂದು ತಲೆ ಕೆಡಿಸಿಕೊಳ್ಳುವ ಮುನ್ನ ಕೈಗೆ ಏನು ಕೊಡುವುದೆಂದು ಯೋಚಿಸಿದ್ದು ಇದರಲ್ಲಿ ಮೆಚ್ಚತಕ್ಕದ್ದು. ವಾರಿಯಲ್ಲಿ ಕಲಿತದ್ದು ಕಾಲೇಜಿನ ಸ್ನೇಹಸಮ್ಮೇಳನದಲ್ಲೂ ಘಟಿಕೋತ್ಸವದ ಊಟದಲ್ಲೂ ಕಾಣಬೇಕು. ಪಾಲಕಿಯ ದಿನ ಎಲೆಯಲ್ಲಿ ಬಡಿಸಿದ ಸಂಸ್ಥೆ ತನ್ನ ವಿಚಾರ ಸಂಕಿರಣಕ್ಕೆ ಪ್ಲಾಸ್ಟಿಕ್ ಲೇಪದ ಕಾಗದದ ತಟ್ಟೆ ತರಿಸಿದರೆ ವಿದ್ಯಾರ್ಥಿಗಳು ಏನು ತಿಳಿಯಬೇಕು?

ಪೊರಕೆ ಹಿಡಿಯುವುದಕ್ಕೆ ಮಹಾರಾಷ್ಟ್ರದಲ್ಲಿ ದೊಡ್ಡ ಪರಂಪರೆ ಇದೆ. 1876ರಲ್ಲಿ ಹುಟ್ಟಿ 1956ರಲ್ಲಿ ತೀರಿಕೊಂಡ ಗಾಡಗೆ ಮಹಾರಾಜರು ಊರಿಗೆ ಬಂದರೆ ಮೊದಲು ಬೀದಿ ಗುಡಿಸುತ್ತಿದ್ದರು, ರಾತ್ರಿ ಕೀರ್ತನೆ ಮಾಡುತ್ತಿದ್ದರು. ಅಮರಾವತಿಯ ವಿಶ್ವವಿದ್ಯಾನಿಲಯಕ್ಕೆ ಇಂದು ಅವರ ಹೆಸರಿದೆ. ಹೆಸರಿಟ್ಟ ಗೌರವದ ಜೊತೆಗೆ, ಇಂದು ಕ್ಯಾಂಪಸ್ಸುಗಳಲ್ಲಿ ಪೊರಕೆ ಹಿಡಿದಿರುವ ಗುತ್ತಿಗೆಯ ಹೆಂಗಸಿಗೆ ಕನಿಷ್ಠ ಕೂಲಿ ಮತ್ತು ಕೈಗವಸು ಇದೆಯೇ ಎಂದು ಕೇಳುವುದೂ ಅವರಿಗೆ ಸಲ್ಲುವ ಗೌರವ.

ಕಾನೂನಿನ ಕೊರತೆ ಈಗ ಇಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯಿಂದ 2000ದ ಪೌರ ಘನತ್ಯಾಜ್ಯ ನಿಯಮಗಳು ಬಂದವು. 2016ರ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವ ವಿಶ್ವವಿದ್ಯಾನಿಲಯ, ಕಾಲೇಜು, ಹಾಸ್ಟೆಲುಗಳನ್ನು ‘ಭಾರಿ ತ್ಯಾಜ್ಯ ಉತ್ಪಾದಕರು’ ಎಂದು ಗುರುತಿಸಿದವು. 5,000 ಚದರ ಮೀಟರಿಗಿಂತ ದೊಡ್ಡ ಸಂಸ್ಥೆಗಳು ಹಸಿ ಕಸವನ್ನು ಆದಷ್ಟು ಮಟ್ಟಿಗೆ ತಮ್ಮ ಆವರಣದಲ್ಲೇ ಕರಗಿಸಬೇಕೆಂದವು. 2026ರ ಏಪ್ರಿಲ್ 1ರಿಂದ ಅನ್ವಯಿಸುವ ಹೊಸ ನಿಯಮಗಳಲ್ಲಿ ವಿಂಗಡಣೆ ನಾಲ್ಕು ಬಗೆಯದು: ಹಸಿ, ಒಣ, ಸ್ಯಾನಿಟರಿ, ಮತ್ತು ವಿಶೇಷ ಎಚ್ಚರಿಕೆಯ ಕಸ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನವೂ ತ್ಯಾಜ್ಯ ನಿರ್ವಹಣೆಯನ್ನು ಕೇಳುತ್ತದೆ. ಆದರೆ ಮೌಲ್ಯಮಾಪಕರ ಮುಂದೆ ಇಡುವ ಡಬ್ಬಿಯ ಫೋಟೊದಲ್ಲಿ ಡಬ್ಬಿಯ ಒಳಗೇನಿದೆ ಎಂದು ಕಾಣುವುದಿಲ್ಲ. ಆ ಫೋಟೊಗಳ ಜಾಗದಲ್ಲಿ ತೂಕದ ಚೀಟಿಗಳನ್ನು ಕೇಳಿದರೆ ಒಂದೇ ಸುತ್ತಿನಲ್ಲಿ ಬಹಳಷ್ಟು ಬದಲಾಗುತ್ತದೆ.

ಸ್ಯಾನಿಟರಿ ಕಸಕ್ಕೆ ಬೇರೆ ಡಬ್ಬಿ ಎಂದು ಕಾನೂನು ಹೇಳುವ ಎಷ್ಟೋ ಮೊದಲೇ ಪುಣೆಯ ಹೆಂಗಸರು ಅದನ್ನು ಕೇಳಿದ್ದರು. ಬಳಸಿದ ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಹಾಕಿ ಕೊಡಿ, ಬಿಡಿಸಿ ನೋಡುವ ಗತಿ ನಮಗೆ ಬರದಿರಲಿ ಎಂಬುದು ‘ಸ್ವಚ್ಛ್’ ನಡೆಸಿದ ‘ರೆಡ್ ಡಾಟ್’ ಅಭಿಯಾನದ ಬೇಡಿಕೆ. ಅದಕ್ಕೂ ಹಿಂದೆ ಅವರು ಬಳಸಿದ ಪ್ಯಾಡುಗಳ ಚೀಲಗಳನ್ನು ತಯಾರಿಕಾ ಕಂಪನಿಗಳಿಗೇ ಕಳಿಸಿ, ಸುತ್ತಲು ಒಂದು ಪೊಟ್ಟಣವನ್ನಾದರೂ ಜೊತೆಗೆ ಕೊಡಿ ಎಂದು ಕೇಳಿದ್ದರು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇದನ್ನು ಪಿಸುಮಾತಿನಲ್ಲಿ ಹೇಳುವ ಕಾಲ ಹೋಗಬೇಕು. ಹಳೆಯ ಕಾಗದದ ಒಂದು ಕಟ್ಟು ಮತ್ತು ಕೆಂಪು ಪೆನ್ನು ಪ್ರತಿ ಸ್ನಾನಗೃಹದಲ್ಲಿ ಇದ್ದರೆ ಸಾಕು.

ಹಾಸ್ಟೆಲಿನ ಇನ್ನೊಂದು ಸಂಗತಿ ವರ್ಷಕ್ಕೊಮ್ಮೆ ಬರುತ್ತದೆ. ಪರೀಕ್ಷೆ ಮುಗಿದು ಕೋಣೆ ಖಾಲಿ ಮಾಡುವಾಗ ಬಕೆಟ್ಟು, ಹಾಸಿಗೆ, ಟೇಬಲ್ ಫ್ಯಾನು, ನೋಟ್ಸು, ಗೈಡು ಎಲ್ಲ ಕಾರಿಡಾರಿಗೆ ಬೀಳುತ್ತವೆ. ಜೂನಿನಲ್ಲಿ ಹೊಸಬರು ಅದೇ ಬಕೆಟ್ಟನ್ನು ಪೇಟೆಯಲ್ಲಿ ಕೊಳ್ಳುತ್ತಾರೆ. 2011ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಇಂಥ ಸಾಮಾನನ್ನು ಕೂಡಿಟ್ಟು ಮುಂದಿನ ವರ್ಷದವರಿಗೆ ಕಡಿಮೆ ಬೆಲೆಗೆ ಮಾರಿದರು, ಬಂದ ಹಣದಿಂದಲೇ ಮರುವರ್ಷದ ಕೆಲಸ ನಡೆಸಿದರು. ಹಳ್ಳಿಯಿಂದ ಬರುವ ಬಡ ಹುಡುಗರಿಗೆ ಇಂದಾಪುರದಂಥ ತಾಲ್ಲೂಕಿನಲ್ಲಿ ಇದರ ಉಪಯೋಗ ಇನ್ನೂ ಹೆಚ್ಚು. ಬೇಕಾದದ್ದು ಬೇಸಿಗೆಯ ಎರಡು ತಿಂಗಳಿಗೆ ಬೀಗ ಹಾಕುವ ಒಂದು ಖಾಲಿ ಕೋಣೆ.

1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಘಟಕ ಇಂದು ಬಹುತೇಕ ಎಲ್ಲ ಕಾಲೇಜುಗಳಲ್ಲಿದೆ. ಒಂದು ಕಾಲೇಜು ಈ ವರ್ಷವೇ ಆರಂಭಿಸಬೇಕೆಂದಿದ್ದರೆ ಆ ಘಟಕದವರು ಮೊದಲ ವಾರ ಒಂದು ತಾಡಪತ್ರಿ ಹಾಸಿ, ಕಾಲೇಜಿನ ಒಂದು ದಿನದ ಕಸವನ್ನು ಸುರಿದು, ವಿಂಗಡಿಸಿ ತೂಗಲಿ. ಆ ದಿನ ಊರಿನ ಪೌರಕಾರ್ಮಿಕರನ್ನೂ ಗುಜರಿ ಅಂಗಡಿಯವರನ್ನೂ ಕಸ ಆಯುವ ಹೆಂಗಸರನ್ನೂ ಕರೆದು ಗೌರವಧನ ಕೊಡಲಿ, ಯಾವುದಕ್ಕೆ ಬೆಲೆ ಇದೆ, ಯಾವುದಕ್ಕಿಲ್ಲ, ಯಾಕಿಲ್ಲ ಎಂದು ಅವರೇ ವಿದ್ಯಾರ್ಥಿಗಳಿಗೆ ಹೇಳಲಿ. ಬೆಲೆ ಇಲ್ಲದ್ದೆಂದು ಅವರು ತೋರಿಸಿದ ವಸ್ತುಗಳ ಪಟ್ಟಿ ಕಾಲೇಜಿನ ಖರೀದಿ ಸಮಿತಿಯ ಮೇಜಿಗೆ ಹೋಗಲಿ. ಕ್ಯಾಂಟೀನಿನ ಮುಂದಿನ ಟೆಂಡರಿನಲ್ಲಿ ಅವು ಇರದಿರಲಿ. ಒಣ ಕಸವನ್ನು ಒಯ್ಯುವ ಒಪ್ಪಂದ ಆ ಹೆಂಗಸರ ಸಂಘದೊಂದಿಗೇ ಆಗಲಿ, ಸಂಘವಿಲ್ಲದಿದ್ದರೆ ಅದನ್ನು ನೋಂದಾಯಿಸಲು ಬೇಕಾದ ಅರ್ಜಿಯನ್ನು ಕಾಲೇಜಿನ ಕಚೇರಿಯೇ ಬರೆದುಕೊಡಲಿ. ಒಪ್ಪಂದದಲ್ಲಿ ನಾಲ್ಕು ಸಾಲು ಸಾಕು: ಕಸವನ್ನು ಬೆರೆಸದೆ ಕೊಡುವ ಹೊಣೆ ಕಾಲೇಜಿನದು, ತೂಕದ ಕಾಂಟಾ, ಕೈಗವಸು, ನೆರಳಿರುವ ಕಟ್ಟೆ, ಕುಡಿಯುವ ನೀರು ಕಾಲೇಜಿನದು, ಮಾರಿದ ಹಣ ಅವರದು, ಪ್ರತಿ ಹೊರೆಗೆ ಎರಡು ಚೀಟಿ, ಒಂದು ಅವರ ಕೈಗೆ, ಒಂದು ವಾರ್ಷಿಕ ವರದಿಯ ಕಡತಕ್ಕೆ.